ಟಾಮಿ ಜಾನ್ ಅವರ ಮೊಣಕೈ ಮತ್ತು ನಿಮ್ಮ ಮೊಮ್ಮಗನ ಮೊಣಕೈ

ಪ್ರಶ್ನೆ: ನನ್ನ ಮಗಳ ಕುಟುಂಬ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. 14 ವರ್ಷದ ಮೊಮ್ಮಗ ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ವಾರಾಂತ್ಯದಲ್ಲಿ ಊರೂರು ತಿರುಗಿ ಆಡುವ ಇನ್ನೊಂದು ತಂಡದಲ್ಲೂ ಅವನೇ ಪಿಚರ್. ಎರಡು ತಿಂಗಳಿಂದ ಬಲ ಮೊಣಕೈಯ ಒಳಬದಿ ನೋಯುತ್ತಿದೆಯಂತೆ. ಕೇಳಿದರೆ, "ಹೆಚ್ಚೆಂದರೆ ಟಾಮಿ ಜಾನ್ ಆಪರೇಷನ್ ಮಾಡಿಸಿದರಾಯಿತು ತಾತ, ಆಮೇಲೆ ಇನ್ನೂ ಜೋರಾಗಿ ಎಸೆಯಬಹುದು" ಎನ್ನುತ್ತಾನೆ. ಈ ಟಾಮಿ ಜಾನ್ ಯಾರು? ನಮ್ಮ ಕ್ರಿಕೆಟ್ ಬೌಲರುಗಳಲ್ಲಿ ಅಷ್ಟಾಗಿ ಕೇಳಿಬರದ ಈ ಮೊಣಕೈ ತೊಂದರೆ ಇವರಿಗೇಕೆ? ವೃತ್ತಿಪರ ಪಿಚರ್‌ನ ಆಟದ ಬದುಕು ಎಷ್ಟು ಕಾಲದ್ದು? ಹುಡುಗನಿಗೆ ನಾನು ಏನು ಹೇಳಲಿ?
ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದು ತುರ್ತಿನದಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಎರಡು ತಿಂಗಳಿಂದ ಮೊಣಕೈಯ ಒಳಬದಿ ನೋಯುತ್ತಿರುವ 14 ವರ್ಷದ ಹುಡುಗ ಇಂದಿನಿಂದಲೇ ಚೆಂಡು ಎಸೆಯುವುದನ್ನು ನಿಲ್ಲಿಸಬೇಕು. ಪಂದ್ಯದಲ್ಲಿ ಮಾತ್ರವಲ್ಲ, ಅಭ್ಯಾಸದಲ್ಲಿಯೂ, ಮನೆಯ ಹಿತ್ತಲಲ್ಲಿಯೂ ಎಸೆಯಬಾರದು. ನೋವಿನ ಮಾತ್ರೆ ನುಂಗಿ ಎಸೆಯುವುದಂತೂ ಖಂಡಿತ ಕೂಡದು. ಕ್ರೀಡಾ ಗಾಯಗಳನ್ನು ನೋಡಿ ಅನುಭವವಿರುವ ಮೂಳೆ ವೈದ್ಯರು ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸಿ, ಒಂದನ್ನು ಇನ್ನೊಂದರೊಂದಿಗೆ ಹೋಲಿಸಿ ನೋಡಬೇಕು. ಅಗತ್ಯವೆನಿಸಿದರೆ ಎಂಆರ್‌ಐ ಮಾಡಿಸಬೇಕು. ಎಸೆಯುವಾಗ ಒಳಗೆ ಏನೋ ಹರಿದ ಸದ್ದು ಬಂದಿದ್ದರೆ, ಊತವಿದ್ದರೆ, ಕೈಯನ್ನು ಪೂರ್ತಿ ಚಾಚಲು ಆಗದಿದ್ದರೆ, ಉಂಗುರದ ಬೆರಳು ಮತ್ತು ಕಿರುಬೆರಳು ಜೋಮು ಹಿಡಿಯುತ್ತಿದ್ದರೆ, ಮುಂದಿನ ಬಿಡುವಿಗಾಗಿ ಕಾಯದೆ ಈ ವಾರವೇ ತೋರಿಸಲು ಮಗಳಿಗೆ ಹೇಳಿ. ಉಳಿದ ಮಾತುಗಳನ್ನು ನಿಧಾನವಾಗಿ ಹೇಳಬಹುದು. ಹೇಳಲೇಬೇಕಾದ ಮಾತುಗಳೂ ಇವೆ, ಏಕೆಂದರೆ ನಿಮ್ಮ ಮೊಮ್ಮಗ ಆ ಆಪರೇಷನ್ನಿನ ಹೆಸರನ್ನು ಬಲ್ಲನೇ ಹೊರತು ಆ ಹೆಸರಿನ ಮನುಷ್ಯನ ಕಥೆಯನ್ನು ಬಲ್ಲವನಂತೆ ಕಾಣುವುದಿಲ್ಲ.

ಕ್ರಿಕೆಟ್ ಬೌಲರ್‌ಗೂ ಬೇಸ್‌ಬಾಲ್ ಪಿಚರ್‌ಗೂ ಇರುವ ವ್ಯತ್ಯಾಸವನ್ನು ಮೊದಲು ನೋಡೋಣ. ಬೌಲರ್ ಓಡಿ ಬಂದು, ಮೊಣಕೈಯನ್ನು ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿಟ್ಟು, ತೋಳನ್ನು ತಲೆಯ ಮೇಲಿಂದ ಚಕ್ರದಂತೆ ತಿರುಗಿಸಿ ಚೆಂಡು ಬಿಡುತ್ತಾನೆ. ಆ ಹೊತ್ತಿನಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ ಎಂಬ ನಿಯಮವೇ ಇದೆ. ಹಾಗಾಗಿ ಅವನ ವೇಗದ ಬೆಲೆಯನ್ನು ಮುಖ್ಯವಾಗಿ ತೆರುವುದು ಸೊಂಟ, ಬೆನ್ನಿನ ಕೆಳಭಾಗ, ನೆಲಕ್ಕೆ ಬಡಿಯುವ ಮುಂಗಾಲು ಮತ್ತು ಭುಜ. ಜಸ್‌ಪ್ರೀತ್ ಬುಮ್ರಾ 2023ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದದ್ದು ಬೆನ್ನಿಗೆ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ತಿಂಗಳುಗಟ್ಟಲೆ ಆಟದಿಂದ ದೂರ ಉಳಿಯಬೇಕಾದದ್ದು ಭುಜದ ಗಾಯದಿಂದ. ಪಿಚರ್ ಓಡಿ ಬರುವುದಿಲ್ಲ. 10 ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, 18.44 ಮೀಟರ್ ದೂರದಲ್ಲಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನತ್ತ, ಕ್ರಿಕೆಟ್ ಚೆಂಡಿಗಿಂತ ತುಸು ಹಗುರವಾದ, 142ರಿಂದ 149 ಗ್ರಾಂ ತೂಕದ ಚೆಂಡನ್ನು ನಿಂತಲ್ಲಿಂದಲೇ ಎಸೆಯುತ್ತಾನೆ. ಓಟದಿಂದ ಸಿಗಬೇಕಾದ ವೇಗವನ್ನೆಲ್ಲ ಅವನು ಒಂದು ಹೆಜ್ಜೆ, ಸೊಂಟದ ಒಂದು ತಿರುವು ಮತ್ತು ಕವಣೆಯಂತೆ ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವ ತೋಳಿನಿಂದಲೇ ಪಡೆಯಬೇಕು. ಹಾಗೆ ಚಿಮ್ಮುವಾಗ ಭುಜದಲ್ಲಿ ತೋಳು ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ. ಅಂದರೆ ಅದೇ ವೇಗದಲ್ಲಿ ಒಂದು ಸೆಕೆಂಡು ತಿರುಗುತ್ತಲೇ ಇದ್ದರೆ 19 ಸುತ್ತು ಮುಗಿದಿರುತ್ತದೆ.

ತೋಳು ಹಿಂದಕ್ಕೆ ಗರಿಷ್ಠವಾಗಿ ಬಾಗಿ ಮುಂದಕ್ಕೆ ಹೊರಡುವ ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯಲು ನೋಡುತ್ತದೆ. ತೆರೆಯದಂತೆ ಹಿಡಿದಿಡುವುದು ತೋಳಿನ ಮೂಳೆಯನ್ನೂ ಮುಂಗೈಯ ಒಳಬದಿಯ ಮೂಳೆಯನ್ನೂ ಸೇರಿಸಿ ಕಟ್ಟಿರುವ, ಕಿರುಬೆರಳಿನಷ್ಟೂ ದಪ್ಪವಿಲ್ಲದ ಒಂದು ಅಸ್ಥಿರಜ್ಜು, ಅಂದರೆ ಲಿಗಮೆಂಟ್. ಪ್ರಯೋಗಾಲಯಗಳ ಅಳತೆಯಂತೆ ವೃತ್ತಿಪರ ಪಿಚರ್‌ನ ಪ್ರತಿ ಜೋರಿನ ಎಸೆತದಲ್ಲಿ ಮೊಣಕೈಯ ಮೇಲೆ ಬೀಳುವ ತಿರುಚುಬಲ ಸುಮಾರು 64 ನ್ಯೂಟನ್ ಮೀಟರ್. ಆದರೆ ಮೃತದೇಹಗಳ ಮೊಣಕೈಗಳಲ್ಲಿ ಪರೀಕ್ಷಿಸಿದಾಗ ಆ ರಜ್ಜು ಒಂದೇ ಆಗಿ ಸುಮಾರು 32ರಿಂದ 34 ನ್ಯೂಟನ್ ಮೀಟರಿಗೆ ಹರಿದುಹೋಗುತ್ತದೆ. ಹಾಗಿದ್ದರೆ ಪ್ರತಿ ಎಸೆತಕ್ಕೂ ಅದು ಹರಿಯಬೇಕಲ್ಲವೇ ಎಂದು ನೀವು ಕೇಳಬಹುದು. ಹರಿಯದಿರುವುದಕ್ಕೆ ಕಾರಣ, ಮುಂಗೈಯ ಸ್ನಾಯುಗಳು ಬಿಗಿದುಕೊಂಡು ಉಳಿದ ಭಾರವನ್ನು ಹೊರುತ್ತವೆ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಸ್ನಾಯು ದಣಿದಾಗ ಅದು ಹೊರಬೇಕಾದ ಪಾಲು ರಜ್ಜುವಿನ ಮೇಲೆ ಬೀಳುತ್ತದೆ.

ಇನ್ನು ಟಾಮಿ ಜಾನ್ ಅವರ ವಿಷಯ. ಅವರು 1943ರ ಮೇ 22ರಂದು ಇಂಡಿಯಾನಾ ರಾಜ್ಯದ ಟೆರೆ ಹೋಟ್ ಎಂಬ ಊರಿನಲ್ಲಿ ಹುಟ್ಟಿದವರು, ಎಡಗೈ ಪಿಚರ್. 1963ರ ಸೆಪ್ಟೆಂಬರ್‌ನಲ್ಲಿ, 20ನೇ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡ್ ತಂಡದ ಪರವಾಗಿ ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್ ಪ್ರವೇಶಿಸಿದರು. 1965ರಿಂದ ಏಳು ಸೀಸನ್ ಶಿಕಾಗೋ ವೈಟ್ ಸಾಕ್ಸ್, 1972ರಿಂದ ಲಾಸ್ ಏಂಜಲೀಸ್ ಡಾಡ್ಜರ್ಸ್. ಆ ಕಾಲದ ಅಳತೆಯಲ್ಲೂ ಅವರು ವೇಗದ ಪಿಚರ್ ಆಗಿರಲಿಲ್ಲ. ಅವರ ಬಲ ಸಿಂಕರ್ ಎಂಬ ಎಸೆತದಲ್ಲಿತ್ತು. ಬ್ಯಾಟರ್ ಹತ್ತಿರ ಬರುವ ಹೊತ್ತಿಗೆ ಚೆಂಡು ತುಸು ಕೆಳಕ್ಕೆ ಇಳಿಯುತ್ತದೆ, ಬ್ಯಾಟು ಅದರ ಮೇಲಂಚಿಗೆ ತಗಲುತ್ತದೆ, ಚೆಂಡು ನೆಲದ ಮೇಲೆ ಉರುಳುತ್ತ ಹೋಗಿ ಫೀಲ್ಡರ್‌ಗಳ ಕೈ ಸೇರುತ್ತದೆ. ಬ್ಯಾಟರ್‌ನನ್ನು ಮೂರು ಎಸೆತಗಳಲ್ಲಿ ಸೋಲಿಸಿ ಕಳಿಸುವ ಅಬ್ಬರ ಅದರಲ್ಲಿಲ್ಲ. ನಮ್ಮ ಆಟದ ಭಾಷೆಯಲ್ಲಿ ಹೇಳುವುದಾದರೆ, ಸ್ಟಂಪ್ ಹಾರಿಸುವವರಲ್ಲ, ದಿನವಿಡೀ ಒಂದೇ ಜಾಗದಲ್ಲಿ ಚೆಂಡು ಬೀಳಿಸಿ ತಪ್ಪು ಹೊಡೆತ ಆಡಿಸುವವರು.

1974 ಅವರ ಅತ್ಯುತ್ತಮ ವರ್ಷವಾಗುವಂತಿತ್ತು. ಜುಲೈ ಮಧ್ಯದ ಹೊತ್ತಿಗೆ 13 ಗೆಲುವು, 3 ಸೋಲು. ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್ನುಗಳ ಸರಾಸರಿ 2.59. (ಬೇಸ್‌ಬಾಲ್‌ನಲ್ಲಿ ಒಂದು ತಂಡದ ಮೂವರು ಔಟಾಗುವವರೆಗಿನ ಸರದಿಯನ್ನು ಪಿಚರ್‌ನ ಲೆಕ್ಕದಲ್ಲಿ ಒಂದು ಇನ್ನಿಂಗ್ಸ್ ಎಂದು ಹಿಡಿಯುತ್ತಾರೆ. ಪಂದ್ಯದ ಗೆಲುವನ್ನೂ ಸೋಲನ್ನೂ ಅದಕ್ಕೆ ಹೊಣೆಯಾದ ಪಿಚರ್‌ನ ಹೆಸರಿಗೆ ಬರೆಯುತ್ತಾರೆ.) ಜುಲೈ 17ರಂದು ಮಾಂಟ್ರಿಯಲ್ ಎಕ್ಸ್‌ಪೋಸ್ ವಿರುದ್ಧದ ಪಂದ್ಯದ ಮೂರನೇ ಇನ್ನಿಂಗ್ಸಿನಲ್ಲಿ ಒಂದು ಸಿಂಕರ್ ಎಸೆದಾಗ ಮೊಣಕೈಯ ಒಳಗೆ ಏನೋ ಕಿತ್ತುಹೋಯಿತು. ಇನ್ನೊಂದು ಎಸೆತಕ್ಕೆ ಪ್ರಯತ್ನಿಸಿ, ಆಗದೆ, ತಾವಾಗಿಯೇ ಮೈದಾನ ಬಿಟ್ಟು ಹೊರನಡೆದರು. ಹರಿದದ್ದು ನಾನು ಮೇಲೆ ಹೇಳಿದ ರಜ್ಜು. ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಎಷ್ಟೋ ಪಿಚರ್‌ಗಳು "ಕೈ ಸತ್ತುಹೋಯಿತು" ಎಂಬ ಒಂದೇ ಮಾತಿನೊಂದಿಗೆ ಊರಿಗೆ ಮರಳುತ್ತಿದ್ದರು. ಅದೇ ಡಾಡ್ಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್ 1966ರಲ್ಲಿ 27 ಗೆಲುವು, 9 ಸೋಲು, 1.73ರ ಸರಾಸರಿ ಸಾಧಿಸಿ, ತಮ್ಮ ಕಲೆಯ ತುತ್ತತುದಿಯಲ್ಲಿದ್ದಾಗ, ಮೊಣಕೈಯ ಸಂಧಿವಾತದಿಂದಾಗಿ 30ನೇ ವಯಸ್ಸಿನಲ್ಲೇ ನಿವೃತ್ತರಾಗಿದ್ದರು. ಅವರದು ಬೇರೆ ಕಾಯಿಲೆ ನಿಜ, ಆದರೆ ಡಾಡ್ಜರ್ಸ್ ತಂಡದವರಿಗೆ ಎಡಗೈ ಪಿಚರ್‌ನ ಮೊಣಕೈ ಎಂದರೆ ಕಣ್ಣಮುಂದೆ ಬರುತ್ತಿದ್ದುದು ಆ ನೆನಪೇ.

ತಂಡದ ವೈದ್ಯ ಫ್ರ್ಯಾಂಕ್ ಜೋಬ್ ಮೊದಲು ವಿಶ್ರಾಂತಿ ಕೊಡಿಸಿ ನೋಡಿದರು, ಫಲವಾಗಲಿಲ್ಲ. ಕೈಯ ಶಸ್ತ್ರಚಿಕಿತ್ಸೆಯಲ್ಲಿಯೂ ಪೋಲಿಯೋ ರೋಗಿಗಳಲ್ಲಿಯೂ ಒಂದು ಕಡೆಯ ಸ್ನಾಯುರಜ್ಜುವನ್ನು ತೆಗೆದು ಇನ್ನೊಂದು ಕಡೆ ಜೋಡಿಸುವ ಪದ್ಧತಿ ಆಗಲೇ ಇತ್ತು. ಅದನ್ನೇ ಪಿಚರ್‌ನ ಮೊಣಕೈಗೆ ಒಗ್ಗಿಸಬಹುದೇ ಎಂದು ಅವರು ಯೋಚಿಸಿದರು. ಮತ್ತೆ ಮೇಜರ್ ಲೀಗಿನಲ್ಲಿ ಎಸೆಯುವ ಸಾಧ್ಯತೆ ನೂರಕ್ಕೆ ಒಂದು ಎಂದು ರೋಗಿಗೆ ನೇರವಾಗಿ ತಿಳಿಸಿದರು, ಜಾನ್ ಒಪ್ಪಿದರು. 1974ರ ಸೆಪ್ಟೆಂಬರ್ 25ರಂದು, ಜಾನ್ ಅವರ ಬಲ ಮುಂಗೈಯಿಂದ ತೆಳುವಾದ ಒಂದು ಸ್ನಾಯುರಜ್ಜುವನ್ನು ತೆಗೆದು, ಎಡ ಮೊಣಕೈಯ ಎರಡು ಮೂಳೆಗಳಲ್ಲಿ ರಂಧ್ರ ಕೊರೆದು, ಆ ರಂಧ್ರಗಳ ಮೂಲಕ ಅದನ್ನು ಎಂಟರ ಅಂಕಿಯ ಆಕಾರದಲ್ಲಿ ಪೋಣಿಸಿ ಬಿಗಿದರು. ಆ ತಂತು ಎಲ್ಲಿಂದ ಬಂತೆಂದು ನೋಡಬೇಕೆಂದರೆ ನಿಮ್ಮ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಮಡಿಸಿ. ಮಣಿಕಟ್ಟಿನ ನಟ್ಟನಡುವೆ ಹುರಿಯಂತೆ ಎದ್ದು ಕಾಣುವುದೇ ಅದು. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಕೈ ಕೆಲಸಕ್ಕೆ ಏನೂ ಕೊರತೆಯಾಗುವುದಿಲ್ಲ. ಅದಕ್ಕಾಗಿಯೇ ಅದನ್ನು ಎರವಲು ಪಡೆಯಬಹುದು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ಮುಗಿಸಿ, "ಆಮೇಲೆ ಅವರು ಇನ್ನೂ ಹದಿನಾಲ್ಕು ಸೀಸನ್ ಆಡಿದರು" ಎಂದು ಒಂದು ವಾಕ್ಯ ಸೇರಿಸಿಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ನಡುವಿನ ಒಂದೂವರೆ ವರ್ಷ. ಶಸ್ತ್ರಚಿಕಿತ್ಸೆಯ ನಂತರ ಮೊಣಕೈಯ ಪಕ್ಕದಲ್ಲೇ ಹಾದುಹೋಗುವ ನರ ಪೆಟ್ಟು ತಿಂದು, ಎಡಗೈಯ ಬೆರಳುಗಳು ಜೋಮು ಹಿಡಿದು ಕೊಕ್ಕೆಯಂತೆ ಮಡಚಿಕೊಂಡವು. ಡಿಸೆಂಬರ್‌ನಲ್ಲಿ ನರವನ್ನು ಸರಿಪಡಿಸಲು ಮತ್ತೊಮ್ಮೆ ಕೈ ಕೊಯ್ಯಬೇಕಾಯಿತು. 1975ರ ವಸಂತದಲ್ಲಿ ತಂಡದ ಉಳಿದವರು ಹೊಸ ಸೀಸನ್ನಿಗೆ ಸಿದ್ಧರಾಗುತ್ತಿದ್ದಾಗ 31 ವರ್ಷದ ಈ ಅನುಭವಿ ಪಿಚರ್‌ಗೆ ಚೆಂಡನ್ನು ನೆಟ್ಟಗೆ ಹಿಡಿಯಲೂ ಬರುತ್ತಿರಲಿಲ್ಲ. ಬೆರಳುಗಳನ್ನು ಟೇಪಿನಿಂದ ಕಟ್ಟಿಕೊಂಡು ಮೆಲ್ಲಗೆ ಎಸೆಯುತ್ತಿದ್ದರು. ನರಕ್ಕೆ ಜೀವ ಬರುವುದು ತಿಂಗಳಿಗೆ ಒಂದಿಷ್ಟೇ. ಅದನ್ನು ಯಾವ ಛಲವೂ ಯಾವ ತರಬೇತಿಯೂ ಬೇಗ ಮಾಡಿಸಲಾರದು. ಆ ವರ್ಷ ಅವರು ಮೇಜರ್ ಲೀಗಿನಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ. ದೇಹಚಲನೆಯ ವಿಜ್ಞಾನವನ್ನು ಓದಿಕೊಂಡಿದ್ದ ಸಹ ಆಟಗಾರ ಮೈಕ್ ಮಾರ್ಷಲ್ ಅವರಿಂದ ಎಸೆಯುವ ಭಂಗಿಯನ್ನು ತಿದ್ದಿಸಿಕೊಂಡರು. ಶರತ್ಕಾಲದಲ್ಲಿ ಅರಿಝೋನಾದ ಕಲಿಕಾ ಲೀಗಿನಲ್ಲಿ, ಹದಿಹರೆಯ ಆಗಷ್ಟೇ ದಾಟಿದ ಹುಡುಗರ ನಡುವೆ, ಮೊದಲ ಬಾರಿ ಪಂದ್ಯದಲ್ಲಿ ಎಸೆದರು.

1976ರ ಏಪ್ರಿಲ್ 16ರಂದು ಅಟ್ಲಾಂಟಾ ಬ್ರೇವ್ಸ್ ವಿರುದ್ಧ ಅವರು ದಿಬ್ಬಕ್ಕೆ ಮರಳಿದರು, ಆ ಪಂದ್ಯದಲ್ಲಿ ಸೋತರು. ಆ ಸೀಸನ್ನಿನ ಲೆಕ್ಕ 10 ಗೆಲುವು, 10 ಸೋಲು. ಸಾಧಾರಣವೆಂದು ಕಾಣುವ ಈ ಲೆಕ್ಕದ ಹಿಂದೆ 207 ಇನ್ನಿಂಗ್ಸ್ ಎಸೆದ ಕೈಯಿದೆ. ಮರುವರ್ಷ 20 ಗೆಲುವು. ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಹೋದ ಮೇಲೆ 1979ರಲ್ಲಿ 21, 1980ರಲ್ಲಿ 22. ಆಮೇಲೆ ಕ್ಯಾಲಿಫೋರ್ನಿಯಾ ಏಂಜಲ್ಸ್, ಓಕ್‌ಲ್ಯಾಂಡ್, ಮತ್ತೆ ಯಾಂಕೀಸ್. ಅವರ ದಂತವೈದ್ಯರ ಮಗ ಮಾರ್ಕ್ ಮೆಗ್ವಾಯರ್ ಬೆಳೆದು ದೊಡ್ಡವನಾಗಿ ಮೇಜರ್ ಲೀಗಿಗೆ ಬಂದು, 1986ರಲ್ಲಿ ತನ್ನ ಮೊದಲ ಹಿಟ್ ಹೊಡೆದದ್ದು ಇದೇ ಟಾಮಿ ಜಾನ್ ಅವರ ಎಸೆತಕ್ಕೆ. ಅಷ್ಟು ದೀರ್ಘಕಾಲ ಅವರು ಮೈದಾನದಲ್ಲಿದ್ದರು. 1989ರ ಮೇ ತಿಂಗಳಲ್ಲಿ, 46 ತುಂಬಿದ ಮೂರು ದಿನಕ್ಕೆ, ಕೊನೆಯ ಪಂದ್ಯ. ಒಟ್ಟು 26 ಸೀಸನ್, 288 ಗೆಲುವು. ಅವುಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲಿನವು 124, ನಂತರದವು 164. ಅವರು ಇನ್ನೂ ಶ್ರೇಷ್ಠ ಆಟಗಾರರನ್ನು ಗೌರವಿಸುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗಿಲ್ಲ. ಅದು ಆಗಬೇಕಾದ ನ್ಯಾಯವೆಂದು ಭಾವಿಸುವವರಲ್ಲಿ ನಾನೂ ಒಬ್ಬ.

ನಿಮ್ಮ ಮೊಮ್ಮಗ ಈ ಅಂಕಿಗಳನ್ನು ಕೇಳಿದರೆ, "ನೋಡಿ ತಾತ, ಆಪರೇಷನ್ ಆದ ಮೇಲೆಯೇ ಹೆಚ್ಚು ಗೆದ್ದಿದ್ದಾರೆ" ಎಂದಾನು. ಆದ್ದರಿಂದ ಮತ್ತೊಂದು ಅಂಕಿಯನ್ನು ಜೊತೆಗೆ ಹೇಳಿ. 4710 ಇನ್ನಿಂಗ್ಸ್‌ಗಳಲ್ಲಿ ಜಾನ್ ಪಡೆದ ಸ್ಟ್ರೈಕ್‌ಔಟ್‌ಗಳು (ಫೀಲ್ಡರ್‌ಗಳ ನೆರವಿಲ್ಲದೆ ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವುದು) 2245, ಅಂದರೆ ಒಂಬತ್ತು ಇನ್ನಿಂಗ್ಸಿಗೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಇಂದಿನ ಮೇಜರ್ ಲೀಗಿನ ಸರಾಸರಿ ಅದರ ಹತ್ತಿರಹತ್ತಿರ ಎರಡರಷ್ಟಿದೆ. ಅವರು ಪ್ರತಿ ಎಸೆತಕ್ಕೂ ತಮ್ಮಲ್ಲಿರುವ ಶಕ್ತಿಯನ್ನೆಲ್ಲ ಸುರಿಯುವವರಾಗಿರಲಿಲ್ಲ. ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ. ಹೊಸ ತಂತು ಅವರಿಗೆ ವೇಗ ಕೊಡಲಿಲ್ಲ. ಅವರು ಮೊದಲೇ ಬಲ್ಲ ಮಿತವಾದ, ನಿಖರವಾದ ಕಲೆಯನ್ನು ಮುಂದುವರಿಸಲು ಒಂದು ಗಟ್ಟಿ ಕೀಲನ್ನು ಕೊಟ್ಟಿತು. ಡಾಕ್ಟರ್ ಜೋಬ್ ಅವರ ಕೈಚಳಕಕ್ಕೆ ನನ್ನ ಗೌರವ ಅಪಾರ. ಆದರೂ ಆ 164 ಗೆಲುವುಗಳಲ್ಲಿ ತಂತುವಿನ ಪಾಲೆಷ್ಟೋ, ಅದರ ಮೇಲೆ ಎಷ್ಟು ಭಾರ ಹಾಕಬೇಕೆಂದು ತಿಳಿದಿದ್ದ ಮನುಷ್ಯನ ಪಾಲೂ ಅಷ್ಟೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂದಿನ ತಲೆಮಾರು ಅವರಿಂದ ಶಸ್ತ್ರಚಿಕಿತ್ಸೆಯನ್ನು ಪಡೆದುಕೊಂಡಿದೆ, ಎಸೆತದ ರೀತಿಯನ್ನು ಪಡೆದುಕೊಂಡಿಲ್ಲ.

ವೃತ್ತಿಪರ ಪಿಚರ್‌ನ ಬದುಕು ಎಷ್ಟು ಕಾಲದ್ದು ಎಂದು ಕೇಳಿದ್ದೀರಿ. 26 ಸೀಸನ್ ಎಂಬುದು ಅಪವಾದಗಳಲ್ಲಿ ಅಪವಾದ. ಅದಕ್ಕಿಂತ ಹೆಚ್ಚು, 27 ಸೀಸನ್ ಆಡಿದ ಮೇಜರ್ ಲೀಗ್ ಪಿಚರ್ ನೋಲನ್ ರಯನ್ ಒಬ್ಬರೇ, ಮತ್ತು 1993ರ ಸೆಪ್ಟೆಂಬರ್‌ನಲ್ಲಿ ಅವರ ಆಟವನ್ನು ಮುಗಿಸಿದ್ದೂ 46ನೇ ವಯಸ್ಸಿನಲ್ಲಿ ಹರಿದ ಇದೇ ರಜ್ಜು. ಹೆಚ್ಚಿನವರ ದಾರಿ ಹೀಗಿರುತ್ತದೆ: ಹೈಸ್ಕೂಲು ಮುಗಿಸಿದಾಗ, ಇಲ್ಲವೇ ಕಾಲೇಜಿನ ಮೂರನೇ ವರ್ಷದ ನಂತರ, ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯಲ್ಲಿ ಒಂದು ತಂಡ ಅವನನ್ನು ಆರಿಸಿಕೊಳ್ಳುತ್ತದೆ. ಈಗ ಅದರಲ್ಲಿ 20 ಸುತ್ತುಗಳಿವೆ. ಆಯ್ಕೆಯಾದವರು ನೇರವಾಗಿ ದೊಡ್ಡ ಮೈದಾನಕ್ಕೆ ಹೋಗುವುದಿಲ್ಲ. ಮೈನರ್ ಲೀಗ್ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಬೇಕು, ಬಸ್ಸಿನಲ್ಲಿ ಊರಿಂದೂರಿಗೆ ಅಲೆಯಬೇಕು. 2023ರ ಒಪ್ಪಂದದಂತೆ ಆ ಮೆಟ್ಟಿಲುಗಳ ಮೇಲ್ತುದಿಯಲ್ಲಿರುವ ಟ್ರಿಪಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 35,800 ಡಾಲರ್. ಅದರ ಮೇಲಿನ ಒಂದೇ ಒಂದು ಮೆಟ್ಟಿಲು ಹತ್ತಿ ಮೇಜರ್ ಲೀಗ್ ತಲುಪಿದವನ ಕನಿಷ್ಠ ಸಂಬಳ ಅದೇ ವರ್ಷ 7,20,000 ಡಾಲರ್. ನೋವನ್ನು ಮುಚ್ಚಿಟ್ಟು ಎಸೆಯುವ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳ ನಡುವಿನ ಕಂದಕವೇ ಸಾಕ್ಷಿ. ಡ್ರಾಫ್ಟಿನಲ್ಲಿ ಆಯ್ಕೆಯಾದ ಐವರಲ್ಲಿ ಒಬ್ಬರು ಕೂಡ ಆ ಕೊನೆಯ ಮೆಟ್ಟಿಲು ಮುಟ್ಟುವುದಿಲ್ಲ. 2008ರಲ್ಲಿ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಒಂದು ಸ್ಪರ್ಧೆಯ ಮೂಲಕ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯನ್ನು ಸೇರಿದ್ದು ನಿಮಗೆ ನೆನಪಿರಬಹುದು. ಅವರಿಬ್ಬರ ಪ್ರಯಾಣವೂ ಕೆಳಗಿನ ಲೀಗ್‌ಗಳಲ್ಲೇ ನಿಂತಿತು.

ಮೇಲೆ ತಲುಪಿದವರ ಬದುಕೂ ಬದಲಾಗಿದೆ. ಜಾನ್ ಅವರ ಕಾಲದಲ್ಲಿ ಪಂದ್ಯವನ್ನು ಆರಂಭಿಸಿದ ಪಿಚರ್ ಆದಷ್ಟು ದೂರ ತಾನೇ ಹೋಗಬೇಕಿತ್ತು, ಆದ್ದರಿಂದ ಶಕ್ತಿಯನ್ನು ಕೂಡಿಟ್ಟುಕೊಂಡು ಎಸೆಯುತ್ತಿದ್ದ. 1979ರಲ್ಲಿ ಅವರು 276 ಇನ್ನಿಂಗ್ಸ್ ಎಸೆದಿದ್ದರು. 2024ರಲ್ಲಿ ಇಡೀ ಮೇಜರ್ ಲೀಗಿನಲ್ಲಿ 200 ಇನ್ನಿಂಗ್ಸ್ ಮುಟ್ಟಿದವರು ನಾಲ್ವರು ಮಾತ್ರ. ಈಗ ಐದಾರು ಇನ್ನಿಂಗ್ಸ್ ಆದ ಮೇಲೆ ಬೇರೊಬ್ಬ ಬರುತ್ತಾನೆಂದು ಗೊತ್ತಿರುವುದರಿಂದ ಮೊದಲ ಎಸೆತದಿಂದಲೇ ಪೂರ್ಣ ಬಲ ಹಾಕುತ್ತಾರೆ. ವೇಗದ ಚೆಂಡಿನ ಸರಾಸರಿ 2008ರಲ್ಲಿ ಗಂಟೆಗೆ 92 ಮೈಲಿಯ ಆಸುಪಾಸಿನಲ್ಲಿದ್ದದ್ದು ಈಗ 94 ದಾಟಿದೆ. ಕಡಿಮೆ ಎಸೆದರೂ ಗಾಯಗಳು ಕಡಿಮೆಯಾಗಿಲ್ಲ. ಇಂದು ಮೇಜರ್ ಲೀಗ್ ಪಿಚರ್‌ಗಳಲ್ಲಿ ಸುಮಾರು ಮೂರರಲ್ಲೊಬ್ಬರ ಮೊಣಕೈಯಲ್ಲಿ ಈ ಶಸ್ತ್ರಚಿಕಿತ್ಸೆಯ ಗಾಯದ ಗುರುತಿದೆ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಂಸ್ಥೆಯೇ ಪ್ರಕಟಿಸಿದ ವರದಿ ಕೂಡ ವೇಗದ ಬೆನ್ನುಹತ್ತುವಿಕೆ, ಚೆಂಡಿನ ತಿರುಗುವಿಕೆಯನ್ನು ಹೆಚ್ಚಿಸುವ ಯತ್ನ, ಪ್ರತಿ ಎಸೆತಕ್ಕೂ ಗರಿಷ್ಠ ಬಲ ಎಂಬ ಮೂರನ್ನೇ ಮುಖ್ಯ ಕಾರಣಗಳಾಗಿ ಎತ್ತಿ ತೋರಿಸಿತು. ಜಾಗತಿಕ ತಾರೆ ಶೊಹೇಯ್ ಓತಾನಿ 2018ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಎರಡನೆಯ ಬಾರಿ ಮತ್ತೆ ಪಂದ್ಯದಲ್ಲಿ ಎಸೆಯುವ ಹೊತ್ತಿಗೆ 2025ರ ಜೂನ್ ಬಂದಿತ್ತು.

"ಆಪರೇಷನ್ ಆದ ಮೇಲೆ ಇನ್ನೂ ಜೋರಾಗಿ ಎಸೆಯಬಹುದು" ಎಂಬ ಮಾತು ನಿಮ್ಮ ಮೊಮ್ಮಗನೊಬ್ಬನದೇ ಅಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಗಾಯವೇ ಇಲ್ಲದಿದ್ದರೂ ಸಾಮರ್ಥ್ಯ ಹೆಚ್ಚಿಸಿಕೊಳ್ಳಲು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ಹೈಸ್ಕೂಲು ಆಟಗಾರರಲ್ಲಿ ಅರ್ಧದಷ್ಟು ಮಂದಿ ಹೇಳಿದ್ದರು. ಇದನ್ನು ಓದಿದಾಗ ವೈದ್ಯನಾಗಿ ನನಗೆ ಆದ ಸಂಕಟ ಸಣ್ಣದಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವರ ವೇಗ ಹೆಚ್ಚಿದಂತೆ ಕಾಣುವುದು ನಿಜ. ಆದರೆ ಆ ವರ್ಷ, ಒಂದೂವರೆ ವರ್ಷ ಅವರು ಕಾಲು, ಸೊಂಟ, ಭುಜಗಳನ್ನು ಹಿಂದೆಂದೂ ಮಾಡದಷ್ಟು ಶಿಸ್ತಿನಿಂದ ಬಲಪಡಿಸಿರುತ್ತಾರೆ, ಹರಿದ ರಜ್ಜುವಿನ ನೋವಿನಲ್ಲಿ ಎಸೆಯುವುದೂ ತಪ್ಪಿರುತ್ತದೆ. ಆ ವ್ಯಾಯಾಮಕ್ಕೆ ಕೈ ಕೊಯ್ಯಿಸಿಕೊಳ್ಳಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾದ ಮೇಜರ್ ಲೀಗ್ ಪಿಚರ್‌ಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಮರಳುತ್ತಾರೆ. ಆದರೆ ಅವರ ಬೆನ್ನ ಹಿಂದೆ ಪೂರ್ಣಕಾಲದ ವೈದ್ಯರು, ಫಿಸಿಯೋಥೆರಪಿಸ್ಟರು, ಸಂಬಳ ಸಹಿತ ರಜೆ ಎಲ್ಲವೂ ಇರುತ್ತವೆ. ಎರಡನೆಯ ಬಾರಿ ಮಾಡಿಸಿಕೊಂಡವರ ಫಲಿತಾಂಶ ಮೊದಲಿನಷ್ಟು ಚೆನ್ನಾಗಿರುವುದಿಲ್ಲ. 14ರಲ್ಲೇ ಮೊದಲನೆಯದನ್ನು ಮಾಡಿಸಿಕೊಂಡ ಹುಡುಗನ ಮುಂದೆ ಎರಡನೆಯದರ ಅಪಾಯ ಎಷ್ಟು ವರ್ಷಗಳ ಕಾಲ ತೆರೆದಿರುತ್ತದೆಂದು ಯೋಚಿಸಿ. ಹೀಗಿದ್ದೂ 2007ರಿಂದ 2011ರವರೆಗಿನ ಲೆಕ್ಕ ತೆಗೆದ ಒಂದು ಅಧ್ಯಯನದಲ್ಲಿ, ಅಮೆರಿಕದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 15ರಿಂದ 19 ವರ್ಷದವರಾಗಿದ್ದರು. ತಮ್ಮ ಹೆಸರು ಮಕ್ಕಳ ಶಸ್ತ್ರಚಿಕಿತ್ಸೆಗೆ ಅಂಟಿಕೊಂಡಿರುವುದರ ಬಗ್ಗೆ ಟಾಮಿ ಜಾನ್ ಅವರೇ ಬಹಿರಂಗವಾಗಿ ನೋವು ತೋಡಿಕೊಂಡಿದ್ದಾರೆ.

ಇಷ್ಟಾದರೂ, ನಿಮ್ಮ ಮೊಮ್ಮಗನ ವಿಷಯದಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಅವನ ವಯಸ್ಸಿನಲ್ಲಿ ಮೊಣಕೈಯ ಒಳಬದಿಯ ನೋವು ಬಹುಮಟ್ಟಿಗೆ ರಜ್ಜುವಿನದಾಗಿರುವುದಿಲ್ಲ. ಬೆಳೆಯುವ ಹುಡುಗನಲ್ಲಿ ರಜ್ಜು ಅಂಟಿಕೊಂಡಿರುವ ಮೂಳೆಯ ಗುಬಟು ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ನಡುವೆ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ, ಅದು ಗಟ್ಟಿಯಾಗಿ ಮೂಳೆಯೊಂದಿಗೆ ಬೆಸೆದುಕೊಳ್ಳುವುದು ಹುಡುಗರಲ್ಲಿ ಸುಮಾರು 15ರಿಂದ 17ರ ಪ್ರಾಯದಲ್ಲಿ. ಅಲ್ಲಿಯವರೆಗೆ ರಜ್ಜುವಿಗಿಂತ ಆ ಪದರವೇ ದುರ್ಬಲ, ಹಾಗಾಗಿ ಪದೇಪದೇ ಎಳೆದಾಗ ಮೊದಲು ಕೆರಳುವುದು ಅದೇ. ಅಮೆರಿಕದಲ್ಲಿ ಇದನ್ನು ಲಿಟಲ್ ಲೀಗ್ ಎಲ್ಬೊ, ಅಂದರೆ ಮಕ್ಕಳ ಲೀಗಿನ ಮೊಣಕೈ ಎನ್ನುತ್ತಾರೆ. ಪದರ ಕೆರಳಿದ್ದಷ್ಟೇ ಆದರೆ, ಎಸೆತವನ್ನು ನಾಲ್ಕಾರು ವಾರ ಪೂರ್ತಿ ನಿಲ್ಲಿಸಿ, ಆಮೇಲೆ ಭುಜ ಮತ್ತು ಸೊಂಟದ ವ್ಯಾಯಾಮ ಮಾಡುತ್ತ, ಹತ್ತಿರದ ದೂರದಿಂದ ಮೆಲ್ಲನೆ ಎಸೆತ ಆರಂಭಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಅಲಕ್ಷಿಸಿ ಎಸೆಯುತ್ತಲೇ ಹೋದರೆ ಒಂದು ದಿನ ಆ ಗುಬಟೇ ಕಿತ್ತು ಜಾಗ ಬಿಡಬಹುದು. ಆಗ ಸ್ಕ್ರೂ ಹಾಕಿ ಕೂಡಿಸುವ ಪ್ರಸಂಗ ಬರಬಹುದು. ಎಕ್ಸ್‌ರೇಯಲ್ಲಿ ಎರಡೂ ಕೈಗಳನ್ನು ಹೋಲಿಸಿ ನೋಡಬೇಕೆಂದು ನಾನು ಆರಂಭದಲ್ಲೇ ಹೇಳಿದ್ದು ಇದಕ್ಕಾಗಿ.

ಮುಂದೆ ಅವನು ಮತ್ತೆ ಎಸೆಯುವಾಗ ಮಿತಿ ಎಷ್ಟಿರಬೇಕು ಎಂಬುದು ಊಹೆಯ ವಿಷಯವಲ್ಲ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಗಳು 2014ರಲ್ಲಿ ಪಿಚ್ ಸ್ಮಾರ್ಟ್ ಎಂಬ ಹೆಸರಿನಲ್ಲಿ ವಯಸ್ಸಿಗೆ ತಕ್ಕ ಮಾರ್ಗಸೂಚಿಗಳನ್ನು ಹೊರತಂದಿವೆ. ಅದರಂತೆ 13-14ರ ಹುಡುಗ ಒಂದು ದಿನ 95ಕ್ಕಿಂತ ಹೆಚ್ಚು ಎಸೆತ ಎಸೆಯಬಾರದು, 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಂತರ ನಾಲ್ಕು ದಿನ ದಿಬ್ಬ ಹತ್ತಬಾರದು, ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆತದಿಂದ ದೂರವಿರಬೇಕು, ಅದರಲ್ಲಿ ಎರಡು ಮೂರು ತಿಂಗಳಾದರೂ ಸತತವಾಗಿರಬೇಕು. ಪಿಚರ್ ಆಗಿ ಆಡಿದ ಪಂದ್ಯದಲ್ಲೇ ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಆಗಿಯೂ ನಿಲ್ಲಬಾರದು, ಕ್ಯಾಚರ್ ಕೂಡ ಪ್ರತಿ ಚೆಂಡನ್ನೂ ಮರಳಿ ಎಸೆಯುತ್ತಿರುತ್ತಾನೆ. ನಿಯಮಗಳು ಸ್ಪಷ್ಟವಾಗಿವೆ, ಆದರೆ ನಿಮ್ಮ ಮೊಮ್ಮಗನ ಸಂದರ್ಭದಲ್ಲಿ ನನಗೆ ಚಿಂತೆ ತರುವುದು ಅವನು ಎರಡು ತಂಡಗಳಲ್ಲಿ ಆಡುತ್ತಾನೆಂಬುದು. ಶಾಲೆಯ ಕೋಚ್ ಗುರುವಾರದ ಎಸೆತಗಳನ್ನು ಎಣಿಸಿರುತ್ತಾರೆ, ವಾರಾಂತ್ಯದ ಕೋಚ್ ಶನಿವಾರದ್ದನ್ನು ಎಣಿಸಿರುತ್ತಾರೆ. ಎರಡನ್ನೂ ಕೂಡಿಸುವವರು ಯಾರೂ ಇರುವುದಿಲ್ಲ. ಮೊಣಕೈ ಮಾತ್ರ ಕೂಡಿಸಿಕೊಂಡಿರುತ್ತದೆ. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಪಂದ್ಯಗಳಲ್ಲಿ ಎಸೆಯುವ ಹುಡುಗರಿಗೆ ಶಸ್ತ್ರಚಿಕಿತ್ಸೆಯ ಸಂಭವ ಐದು ಪಟ್ಟು, ಕೈ ದಣಿದ ಮೇಲೂ ಎಸೆಯುವ ಅಭ್ಯಾಸವಿರುವವರಿಗೆ 36 ಪಟ್ಟು ಹೆಚ್ಚೆಂದು ಅಲಬಾಮಾದ ಸಂಶೋಧಕರು 2006ರಲ್ಲಿ ಕಂಡುಕೊಂಡರು. ದಣಿದ ಸ್ನಾಯು ತನ್ನ ಪಾಲನ್ನು ರಜ್ಜುವಿನ ಮೇಲೆ ಹಾಕುತ್ತದೆ ಎಂದು ಹಿಂದೆ ಹೇಳಿದೆನಲ್ಲ, ಆ 36ರ ಹಿಂದಿರುವುದು ಅದೇ.

ಹುಡುಗನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಆಟ ಬಿಡು ಎಂದು ಹೇಳಬೇಡಿ. ಬಿಡಬೇಕಾಗಿಯೂ ಇಲ್ಲ, ಹೇಳಿದರೆ ಅವನು ಮುಂದೆ ನೋವನ್ನು ನಿಮ್ಮಿಂದಲೂ ಮುಚ್ಚಿಡುತ್ತಾನೆ. ತನಗೆ ನೋವಿದೆ ಎಂದು ಅವನು ಸಾವಿರಾರು ಮೈಲಿ ದೂರದ ತಾತನೊಂದಿಗೆ ಹೇಳಿಕೊಂಡಿರುವುದೇ ದೊಡ್ಡ ಸಂಗತಿ, ಆ ಬಾಗಿಲನ್ನು ತೆರೆದಿಡಿ. ಟಾಮಿ ಜಾನ್ ಅವರ 288 ಗೆಲುವುಗಳ ಜೊತೆಗೆ ಅವರು ಬೆರಳಿಗೆ ಟೇಪು ಸುತ್ತಿಕೊಂಡು ಕಳೆದ 1975ರ ಕಥೆಯನ್ನೂ ಹೇಳಿ. ನೀವು ವಾರಕ್ಕೊಮ್ಮೆ ವೀಡಿಯೋ ಕರೆಯಲ್ಲಿ ಮಾತನಾಡುತ್ತೀರಾದರೆ, ಅವನು ಮತ್ತೆ ಆಡತೊಡಗಿದ ಮೇಲೆ ಪ್ರತಿ ವಾರ ಎರಡೇ ಲೆಕ್ಕ ಕೇಳಿ: ಎರಡೂ ತಂಡಗಳಲ್ಲಿ ಸೇರಿ ಈ ವಾರ ಎಷ್ಟು ಎಸೆತ, ಕೊನೆಯ ಎಸೆತ ಯಾವ ದಿನ. ದಾವಣಗೆರೆಯಲ್ಲಿ ಕುಳಿತು ಒಂದು ನೋಟುಬುಕ್ಕಿನಲ್ಲಿ ನೀವು ಅದನ್ನು ಬರೆದಿಟ್ಟುಕೊಂಡರೆ, ಅಲ್ಲಿಯ ಇಬ್ಬರು ಕೋಚ್‌ಗಳ ಬಳಿ ಇಲ್ಲದ ಮೊತ್ತ ನಿಮ್ಮ ಬಳಿ ಇರುತ್ತದೆ. ಸದ್ಯಕ್ಕೆ ಎಕ್ಸ್‌ರೇ ಆಗಲಿ. ವರದಿಯಲ್ಲಿ ಆ ಮೃದ್ವಸ್ಥಿಯ ಪದರ ಎಡಗೈಗಿಂತ ಬಲಗೈಯಲ್ಲಿ ಅಗಲವಾಗಿದೆ ಎಂದು ಬರೆದಿದ್ದರೆ ಗಾಬರಿಯಾಗದೆ ಅದನ್ನು ನನಗೆ ಕಳುಹಿಸಿ. ಎಷ್ಟು ವಾರದ ವಿಶ್ರಾಂತಿ, ಯಾವ ಕ್ರಮದಲ್ಲಿ ಮರಳಿ ಎಸೆತ ಎಂಬುದನ್ನು ಅಲ್ಲಿನ ವೈದ್ಯರ ಸಲಹೆಯ ಜೊತೆಗಿಟ್ಟು ವಿವರವಾಗಿ ಬರೆಯುತ್ತೇನೆ.